ಹತ್ತು ಗುಂಡಿಗಳ ಪಾಠ

ಪ್ರೀತಿಯ ಗುಬ್ಬಿ,

ಕೈಬರಹ ನೋಡಿಯೇ ಇದು ಅತ್ತಿಗೆಯ ಪತ್ರ ಅಂತ ನಿನಗೆ ಗೊತ್ತಾಗಿರುತ್ತದೆ. ಒಡೆಯದೆ ಎರಡು ದಿನ ಮೇಜಿನ ಮೇಲೆ ಇಟ್ಟಿದ್ದೆಯೋ ಏನೋ. ಇಟ್ಟಿದ್ದರೂ ತಪ್ಪಿಲ್ಲ. ನಾನು ಇದನ್ನು ಎರಡು ವರ್ಷದಿಂದ ಬರೆಯದೆ ಇಟ್ಟುಕೊಂಡಿದ್ದೆ.

ಹೋದ ಭಾನುವಾರ ತಮ್ಮ ಫೋನ್ ಮಾಡಿದ್ದ. ನಿನಗೆ ಏಳು ತಿಂಗಳು ತುಂಬಿತು ಅಂದ. ಹೊಸ ಊರು, ಹೊಸ ಮನೆ, ಅವನ ಲಿಫ್ಟ್ ರಿಪೇರಿ ಕೆಲಸ, ಎಲ್ಲ ಹೇಳಿ ಮುಗಿಸಿದ ಮೇಲೆ ದನಿ ತಗ್ಗಿಸಿದ. "ಅಕ್ಕ, ಇವಳು ಹೊಟ್ಟೆ ಮೇಲೆ ಕೈಯೇ ಇಡಲ್ಲ. ಮಗು ಆಡ್ತಾ ಇದ್ಯಾ ಅಂತ ಕೇಳಿದ್ರೆ ಎದ್ದು ಅಡುಗೆಮನೆಗೆ ಹೋಗ್ತಾಳೆ. ಎಣಿಸು ಅಂದ್ರೆ ಪಾತ್ರೆ ಕುಕ್ತಾಳೆ. ನೀನೊಂದು ಮಾತು ಹೇಳು, ನೀನು ಹೇಳಿದ್ರೆ ಕೇಳ್ತಾಳೆ." ಆಮೇಲೆ, "ಈ ಸಲನಾದ್ರೂ ಸರಿಯಾಗಿ ಎಣಿಸಲಿ," ಅಂದ.

ಅವನದು ಕೆಟ್ಟ ಮನಸ್ಸಲ್ಲ. ಅವನಿಗೆ ಗೊತ್ತಿರುವುದೇ ಅಷ್ಟು. ನಿನ್ನೆಯವರೆಗೂ ಆ ಗುರುವಾರದ ವಿಷಯ ಮನೆಯಲ್ಲಿ ಗೊತ್ತಿದ್ದವರು ನಾವಿಬ್ಬರೇ, ನೀನು ಮತ್ತು ನಾನು. ಇಬ್ಬರೂ ಬಾಯಿ ಬಿಡಲಿಲ್ಲ. ನೀನು ಸುಮ್ಮನಿದ್ದುದರಿಂದ ಎಲ್ಲರ ಮಾತು ನೀನು ಕೇಳಬೇಕಾಯಿತು. ನಾನು ಸುಮ್ಮನಿದ್ದುದರಿಂದ ನನಗೆ ಏನೂ ಆಗಲಿಲ್ಲ. ಎಲ್ಲರೂ ನನಗೆ ಕಾಫಿ ಮಾಡಿ ಕೊಟ್ಟರು, ಪಾಪ ಎಷ್ಟು ಓಡಾಡಿದಳು ಅಂದರು.

ನನ್ನ ಕೆಲಸ ನಿನಗೆ ಗೊತ್ತು. ಆದರೂ ಮೊದಲಿನಿಂದ ಹೇಳುತ್ತೇನೆ. ಅದರಲ್ಲಿ ನಿನಗೆ ಗೊತ್ತಿಲ್ಲದ್ದು ಒಂದಿದೆ.

ಹೆರಿಗೆ ಆಸ್ಪತ್ರೆಯಲ್ಲಿ ಹನ್ನೆರಡು ವರ್ಷ ಆಯಾ ಆಗಿದ್ದವಳನ್ನು ಡಾಕ್ಟರಮ್ಮ ಒಂದು ದಿನ ಕರೆದು ಪಾಠ ಹೇಳುವವಳನ್ನಾಗಿ ಮಾಡಿದರು. "ನಾನು ಹೇಳಿದ್ರೆ ಅವರು ತಲೆಯಾಡಿಸ್ತಾರೆ ಅಷ್ಟೆ. ನೀನು ಹೇಳಿದ್ರೆ ಕೇಳಿಸ್ಕೋತಾರೆ," ಅಂದರು. ಔಷಧಿ ಪೆಟ್ಟಿಗೆಗಳನ್ನು ತುಂಬಿಡುತ್ತಿದ್ದ ಹಿಂದಿನ ಕೋಣೆಯನ್ನು ಖಾಲಿ ಮಾಡಿಸಿ ಎರಡು ಬೆಂಚು, ಒಂದು ಮಂಚ ಹಾಕಿಸಿಕೊಟ್ಟರು. ಗೋಡೆಗೆ ಹೊಟ್ಟೆಯೊಳಗೆ ತಲೆಕೆಳಗಾಗಿ ಮಲಗಿದ ಮಗುವಿನ ಚಿತ್ರ. ತಿಂಗಳು ತುಂಬುತ್ತ ಬಂದ ಹೆಂಗಸರು ಅಲ್ಲಿ ಕೂರುತ್ತಿದ್ದರು. ಮಗುವಿನ ಚಲನೆಯನ್ನು ಮನೆಯಲ್ಲೇ ಹೇಗೆ ಗಮನಿಸಬೇಕು ಎಂದು ನಾನು ಹೇಳಿಕೊಡಬೇಕಿತ್ತು.

ಡಾಕ್ಟರಮ್ಮ ನನಗೆ ಕಲಿಸಿದ್ದು ಮೂರು ಮಾತು. ಊಟವಾದ ಮೇಲೆ ಎಡಮಗ್ಗುಲಾಗಿ ಮಲಗಿ ಮಗುವಿನ ಮೇಲೆ ಗಮನವಿಡಬೇಕು. ಎರಡು ಗಂಟೆಯೊಳಗೆ ಹತ್ತು ಸಲವಾದರೂ ಅದು ಅಲುಗಾಡಬೇಕು. ಮೂರನೆಯದು, ಹತ್ತಾದರೂ ಸರಿ, ಆಗದಿದ್ದರೂ ಸರಿ, ನಿಮ್ಮ ಮಗು ದಿನಾ ಇರುವ ಹಾಗೆ ಇಲ್ಲ ಅನ್ನಿಸಿದರೆ ಆ ಗಳಿಗೆಯಲ್ಲೇ ಹೊರಟು ಬರಬೇಕು. ಈ ಮೂರನೆಯದನ್ನು ಹೇಳುವಾಗ ಡಾಕ್ಟರಮ್ಮ ಕನ್ನಡಕ ತೆಗೆದಿದ್ದರು. "ಇದನ್ನ ಮರೀಬೇಡ," ಅಂದಿದ್ದರು.

ನಾನು ಮರೆಯಲಿಲ್ಲ ಗುಬ್ಬಿ. ಬಿಟ್ಟೆ. ಇದೇ ನಿನಗೆ ಗೊತ್ತಿಲ್ಲದ್ದು.

ಮೊದಲ ಎರಡು ತಿಂಗಳು ಮೂರೂ ಮಾತು ಹೇಳಿದೆ. ಹೆಂಗಸರು ಬರತೊಡಗಿದರು. ಒಬ್ಬಳು ಬೆಳಿಗ್ಗೆ ಆರಕ್ಕೆ ಬಂದಳು, ಒಬ್ಬಳು ಒದ್ದೆ ತಲೆಯಲ್ಲೇ ಬಂದಳು, ಒಬ್ಬಳು ಒಂದೇ ವಾರದಲ್ಲಿ ಮೂರು ಸಲ ಬಂದಳು. ಎಲ್ಲರ ಮಗುವೂ ಚೆನ್ನಾಗಿಯೇ ಇತ್ತು. ವಾರ್ಡಿನ ದೊಡ್ಡ ಸಿಸ್ಟರ್ ನನ್ನನ್ನು ಬಾಗಿಲಲ್ಲೇ ಹಿಡಿದು ನಿಲ್ಲಿಸಿದರು. "ಏನಮ್ಮಾ, ಅದೇನು ಪಾಠ ಮಾಡ್ತೀಯೋ ಹೆದರ್ಸ್ತೀಯೋ? ಸುಮ್‌ಸುಮ್ನೆ ಬರೋರನ್ನ ನೋಡೋದೇ ಆಯ್ತು. ಇಲ್ಲಿ ಮಂಚ ಎಷ್ಟಿವೆ ಗೊತ್ತಾ ನಿಂಗೆ?" ಅವರ ಹಿಂದೆ ನಿಂತಿದ್ದ ಹುಡುಗಿಯರು ನಕ್ಕರು. ಹನ್ನೆರಡು ವರ್ಷ ಅವರ ಕೈಕೆಳಗೆ ಬಕೆಟ್ ಹಿಡಿದವಳು ನಾನು. ಆ ನಗು ನನಗೆ ನಾಟಿತು.

ಅದಾದ ಮೇಲೆ ಮೂರನೆಯ ಮಾತು ತಾನಾಗಿಯೇ ತೆಳ್ಳಗಾಯಿತು. ಮೊದಲು ಮೆಲ್ಲಗೆ ಹೇಳಿದೆ, ಆಮೇಲೆ ಕೇಳಿದವರಿಗೆ ಮಾತ್ರ ಹೇಳಿದೆ, ಕೊನೆಗೆ ಹೇಳಲೇ ಇಲ್ಲ. ಅದರ ಬದಲಿಗೆ ಗುಂಡಿಗಳನ್ನು ತಂದೆ. ಅಮ್ಮನ ಹೊಲಿಗೆ ಡಬ್ಬಿಯಲ್ಲಿ ಹಳೆಯ ಅಂಗಿಗಳಿಂದ ಕಿತ್ತಿಟ್ಟ ಗುಂಡಿಗಳು ರಾಶಿ ಇದ್ದವಲ್ಲ, ಹತ್ತು ಹತ್ತರಂತೆ ಸಣ್ಣ ಚೀಲಗಳಿಗೆ ಹಾಕಿದೆ. ಬರೆಯಲು ಬಾರದವರಿಗೂ ಸುಲಭ. ಎಡಗಡೆಯ ಬಟ್ಟಲಲ್ಲಿ ಹತ್ತು ಗುಂಡಿ, ಮಗು ಒಂದು ಸಲ ಅಲುಗಾಡಿದರೆ ಒಂದು ಗುಂಡಿ ಬಲಗಡೆಯ ಬಟ್ಟಲಿಗೆ. ಎಲ್ಲ ಆ ಕಡೆಗೆ ಹೋದವೋ, ಅವತ್ತಿನ ಪಾಠ ಮುಗಿಯಿತು, ಎದ್ದು ಕೆಲಸ ನೋಡು. ಡಾಕ್ಟರಮ್ಮ ಮೆಚ್ಚಿದರು. ದೊಡ್ಡ ಸಿಸ್ಟರ್ ಕೂಡ ಮೆಚ್ಚಿದರು, ಯಾಕೆಂದರೆ ಬರುವವರು ಕಡಿಮೆಯಾದರು. ಎಲ್ಲರೂ ನನ್ನನ್ನು ಗುಂಡಿ ಮೇಡಂ ಅಂದರು. ಮೇಡಂ ಅಂತ ಕರೆಸಿಕೊಂಡದ್ದು ಜೀವಮಾನದಲ್ಲಿ ಅದೇ ಮೊದಲು.

ಇನ್ನೊಂದು ಮಾತೂ ಇದೆ. ಬರೆಯಲು ನಾಚಿಕೆಯಾಗುತ್ತದೆ, ಆದರೂ ಬರೆಯುತ್ತೇನೆ. ನಾನು ಹೆತ್ತವಳಲ್ಲ. ಸಾವಿರ ಹೊಟ್ಟೆಗಳ ಮೇಲೆ ಕೈಯಿಟ್ಟಿರಬಹುದು, ಒಳಗಿನಿಂದ ಒಂದು ಸಲವೂ ಗೊತ್ತಿಲ್ಲ. "ಇವತ್ತು ಯಾಕೋ ಬೇರೆ ಥರ ಇದೆ" ಅಂತ ಯಾರಾದರೂ ಹೇಳಿದರೆ ನನಗೆ ಏನೂ ಹೊಳೆಯುತ್ತಿರಲಿಲ್ಲ. ಹತ್ತು ಅಂದರೆ ಹೊಳೆಯುತ್ತಿತ್ತು. ಹತ್ತರವರೆಗೆ ಎಣಿಸಲು ನನಗೂ ಬರುತ್ತಿತ್ತು.

ನಿನಗೆ ಪಾಠ ಹೇಳಿದ್ದು ಆ ಕೋಣೆಯಲ್ಲಲ್ಲ, ನಮ್ಮ ಮನೆಯ ಹಜಾರದಲ್ಲಿ. ನೆನಪಿದೆಯಾ. ನಿನಗೆ ಅಂತ ಬಿಳಿಯ ಗುಂಡಿಗಳನ್ನೇ ಆರಿಸಿ ತಂದಿದ್ದೆ. ಅಮ್ಮ ಬಟಾಣಿ ಬಿಡಿಸುತ್ತ ಕೂತಿದ್ದಳು. ನೀನು ಮಲಗಿ ಹೊಟ್ಟೆ ಮೇಲೆ ಕೈಯಿಟ್ಟೆ ಅಷ್ಟೇ, ಗುಂಡಿಗಳು ಟಕಟಕ ಅಂತ ಆ ಬಟ್ಟಲಿಗೆ ಬಿದ್ದವು. ಅಮ್ಮನ ಬಟಾಣಿ ಅರ್ಧವೂ ಆಗಿರಲಿಲ್ಲ. "ಇದು ನಿನ್ನ ಹಾಗೇ, ಕೂತಲ್ಲಿ ಕೂರಲ್ಲ ನಿಂತಲ್ಲಿ ನಿಲ್ಲಲ್ಲ," ಅಂದಳು ಅಮ್ಮ. ಒಲೆ ಮುಂದೆ ನಿಂತೇ ಉಣ್ಣುತ್ತೀಯ ಅಂತ ನಿನಗೆ ಗುಬ್ಬಿ ಎಂದು ಹೆಸರಿಟ್ಟವಳು ಅವಳೇ ತಾನೆ. ತಮ್ಮ ಬಾಗಿಲಲ್ಲಿ ನಿಂತು, "ಅಕ್ಕ, ಗುಂಡಿ ಸಾಲಲ್ಲ, ನನ್ನ ಅಂಗಿದೂ ಕಿತ್ತು ಕೊಡ್ಲಾ?" ಅಂದ. ನಾನು ನಿನ್ನ ಹೊಟ್ಟೆಯ ಮೇಲೆ ಬಲಗೈ ಇಟ್ಟೆ. ಅಂಗೈಯ ನಡುವಿಗೆ ಸರಿಯಾಗಿ ಒಂದು ಒದೆ ಬಿತ್ತು. ಎಂಥ ಒದೆ ಅಂದರೆ ನಾನು ಕೈ ಹಿಂದಕ್ಕೆಳೆದುಕೊಂಡೆ, ನೀನು ಕಣ್ಣಲ್ಲಿ ನೀರು ಬರುವಷ್ಟು ನಕ್ಕೆ.

ದಿನವೂ ಹಾಗೆಯೇ ಆಗುತ್ತಿತ್ತಂತೆ. ಹತ್ತು ನಿಮಿಷ, ಹೆಚ್ಚೆಂದರೆ ಕಾಲು ಗಂಟೆ. ನಿನ್ನ ಮಗುವಿಗೆ ಹತ್ತು ಅನ್ನುವುದು ಏನೂ ಅಲ್ಲ. ಅದು ನಿನಗೆ ಗೊತ್ತಿತ್ತು. ನಾನು ಕೇಳಿದ್ದರೆ ನನಗೂ ಗೊತ್ತಾಗುತ್ತಿತ್ತು.

ನಾನು ದಿನಚರಿ ಬರೆಯುತ್ತೇನೆಂದು ನೀನು ಗೇಲಿ ಮಾಡುತ್ತಿದ್ದೆ. "ಅತ್ತಿಗೆ, ಹಾಲು ಉಕ್ಕಿದ್ದನ್ನೂ ಬರ್ಕೊಂಡ್ರಾ?" ಅಂತ. ಹೌದು, ಎಲ್ಲ ಬರೆದುಕೊಳ್ಳುತ್ತೇನೆ. ಆ ಗುರುವಾರದ ಪುಟವನ್ನು ಈಗ ಪಕ್ಕದಲ್ಲಿಟ್ಟುಕೊಂಡಿದ್ದೇನೆ. ಹೀಗಿದೆ: "ಇವತ್ತು ಏಳು ಜನ ಬಂದಿದ್ದರು. ಒಬ್ಬಳಿಗೆ ಅವಳಿ. ಕೋಣೆಯ ಫ್ಯಾನ್ ರಿಪೇರಿ ಆಯಿತು. ಗುಬ್ಬಿ ಫೋನ್ ಮಾಡಿದ್ದಳು, ಹತ್ತು ಆಯಿತಂತೆ." ಅಷ್ಟೇ. ಫ್ಯಾನಿಗೆ ಎಷ್ಟು ಜಾಗವೋ ನಿನಗೂ ಅಷ್ಟೇ ಜಾಗ.

ದಿನಚರಿಯಲ್ಲಿ ಇಲ್ಲದ್ದನ್ನು ಈಗ ಬರೆಯುತ್ತೇನೆ. ಮಧ್ಯಾಹ್ನ ನಾಲ್ಕು ಗಂಟೆ ಇರಬಹುದು. ಫೋನನ್ನು ಹೆಗಲಿಗೂ ಕಿವಿಗೂ ಮಧ್ಯೆ ಸಿಕ್ಕಿಸಿಕೊಂಡು ಒಬ್ಬಳ ಚೀಲಕ್ಕೆ ಗುಂಡಿ ಎಣಿಸಿ ಹಾಕುತ್ತಿದ್ದೆ. ನೀನು ಅಂದೆ, "ಅತ್ತಿಗೆ, ಹತ್ತು ಆಯ್ತು, ಆದ್ರೆ..." ನಾನು ಮುಗಿಸಲು ಬಿಡಲಿಲ್ಲ. "ಹತ್ತು ಆಯ್ತಲ್ಲ, ಇನ್ನೇನು? ಹೋಗಿ ಮಲಕ್ಕೋ," ಅಂದೆ. ಆಮೇಲೆ ಫೋನ್ ಇಡುವ ಮೊದಲೇ, ನಿನಗೆ ಕೇಳಿಸುವ ಹಾಗೆಯೇ, ಎದುರಿಗೆ ಕೂತವರಿಗೆ ಹೇಳಿದೆ, "ನಮ್ಮನೇಲೂ ಒಬ್ಬಳು ಇದ್ದಾಳೆ ನೋಡಿ, ನೂರಕ್ಕೆ ನೂರು ಬಂದ್ರೂ ಅಳೋಳು." ಏಳು ಜನರೂ ನಕ್ಕರು. ದೊಡ್ಡ ಸಿಸ್ಟರ್ ಹಿಂದೆ ನಿಂತಿದ್ದ ಹುಡುಗಿಯರು ನಕ್ಕ ಹಾಗೆ.

ಆ ಹತ್ತಕ್ಕೆ ನಿನಗೆ ಎರಡು ಗಂಟೆ ಹಿಡಿದಿತ್ತು ಅನ್ನುವುದು ಆಮೇಲೆ ಗೊತ್ತಾಯಿತು. ಶನಿವಾರ ದಾಖಲು ಮಾಡಿಕೊಳ್ಳುವಾಗ ಕೇಳಿದ ನರ್ಸಿಗೆ ನೀನು ಹೇಳುತ್ತಿದ್ದೆ, ನಾನು ಪರದೆಯ ಈಚೆ ನಿಂತಿದ್ದೆ. ಗುರುವಾರ ಎರಡು ಗಂಟೆ, ಶುಕ್ರವಾರ ಹತ್ತಾಗಲು ಸಂಜೆಯವರೆಗೂ. ಹತ್ತು ನಿಮಿಷದ್ದು ಎರಡು ಗಂಟೆ ಆಯಿತು ಅಂದರೆ ನಿನ್ನ ಮಗು ನಿನಗೆ ಹೇಳಿತ್ತು. ನೀನು ನನಗೆ ಹೇಳಲು ಬಂದೆ. ನಮ್ಮ ಮನೆಯಿಂದ ಆಸ್ಪತ್ರೆಗೆ ನಡೆದರೆ ಕಾಲು ಗಂಟೆ. ಶುಕ್ರವಾರ ನೀನು ಮತ್ತೆ ಫೋನ್ ಮಾಡಲಿಲ್ಲ. ಒಮ್ಮೆ ಏಳು ಜನರ ಮುಂದೆ ನಗೆಪಾಟಲಾದವಳು ಯಾಕಾದರೂ ಮಾಡುತ್ತಾಳೆ. ಅಮ್ಮನನ್ನು ಕೇಳಿದೆಯಂತೆ. "ಕೊನೇ ತಿಂಗಳಲ್ಲಿ ಜಾಗ ಸಾಲಲ್ಲ ಕಣೇ, ಅದಕ್ಕೇ ಸುಮ್ಮನಾಗತ್ತೆ," ಅಂದಳಂತೆ. ಹಾಗಲ್ಲ. ಹುಟ್ಟುವ ದಿನದವರೆಗೂ ಮಗು ಆಡುತ್ತಲೇ ಇರಬೇಕು. ಅದನ್ನು ಅಮ್ಮನಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ನನಗೆ ಹೇಳಿಕೊಟ್ಟಿದ್ದರು.

ಶನಿವಾರ ಎದೆಬಡಿತ ಸಿಗಲಿಲ್ಲ. ಅದರ ಮುಂದಿನದನ್ನು ನಿನಗೆ ಹೇಳಬೇಕಾಗಿಲ್ಲ.

ಆದರೆ ವಾರ್ಡಿನ ಹೊರಗಿನ ಆ ಬೆಂಚಿನ ಮುಂದೆ ಆದದ್ದನ್ನು ಹೇಳಬೇಕು. ಅಮ್ಮ ನಿನ್ನನ್ನು ಕೇಳಿದಳು, "ಎಣಿಸಿದ್ಯಾ?" ನೀನು ಹ್ಞೂಂ ಅಂದೆ. "ಸರಿಯಾಗಿ ಎಣಿಸಿರಲ್ಲ. ನಿಂಗೆ ಒಂದು ಕಡೆ ಕೂತು ಗೊತ್ತಾ?" ಅಂದಳು. ನೀನು ತಲೆಯೆತ್ತಿ ನನ್ನ ಕಡೆ ನೋಡಿದೆ. ಅತ್ತಿಗೆಗೆ ಫೋನ್ ಮಾಡಿದ್ದೆ ಅಂತ ಈಗ ಹೇಳುತ್ತೀ ಅಂದುಕೊಂಡೆ ನಾನು. ನಾನು ಬಗ್ಗಿ ನಿನ್ನ ಬಟ್ಟೆ ಚೀಲದ ದಾರ ಕಟ್ಟತೊಡಗಿದೆ. ಗಂಟು ಬಿಚ್ಚಿ ಮತ್ತೆ ಕಟ್ಟಿದೆ. ನೀನು ಹೇಳಲಿಲ್ಲ. ಆವತ್ತೂ ಹೇಳಲಿಲ್ಲ, ಆಮೇಲೂ ಹೇಳಲಿಲ್ಲ. ನನ್ನನ್ನು ಉಳಿಸಲಿಕ್ಕೆ ಸುಮ್ಮನಾದೆಯೋ, ತಪ್ಪು ನಿನ್ನದೇ ಅಂತ ನಂಬಿಬಿಟ್ಟೆಯೋ ನನಗೆ ತಿಳಿಯದು. ಎರಡನೆಯದಾಗಿದ್ದರೆ, ಗುಬ್ಬಿ, ಈ ಕಾಗದ ಅದಕ್ಕೇ. ನೀನು ಸರಿಯಾಗಿಯೇ ಎಣಿಸಿದ್ದೆ. ಎಣಿಕೆಗಿಂತ ಹೆಚ್ಚಾಗಿಯೇ ನಿನಗೆ ಗೊತ್ತಾಗಿತ್ತು. ಪಾಠ ಕಲಿಸಿದವಳು ಅರ್ಧ ಪಾಠ ಕಲಿಸಿದ್ದಳು, ನೀನು ಹೇಳಲು ಬಂದಾಗ ಅದಕ್ಕೂ ಕಿವಿಗೊಡಲಿಲ್ಲ.

ಡಾಕ್ಟರಮ್ಮನ ಹತ್ತಿರ ಹೇಳಿಕೊಂಡೆ, ಆರು ತಿಂಗಳಾದ ಮೇಲೆ. ಗುರುವಾರವೇ ಬಂದಿದ್ದರೆ ಉಳಿಯುತ್ತಿತ್ತು ಅಂತ ಯಾರೂ ಹೇಳಲಾರರು, ಉಳಿಯುತ್ತಿರಲಿಲ್ಲ ಅಂತಲೂ ಹೇಳಲಾರರು ಅಂದರು. ಆ ಮಾತಿನ ಹಿಂದೆ ಅಡಗಿಕೊಳ್ಳಲು ನೋಡಿದೆ. ಒಂದು ದಿನವೂ ಆಗಲಿಲ್ಲ.

ಈಗ ಇನ್ನೊಂದು. ಓದಲು ಕಷ್ಟವಾದರೆ ಇಲ್ಲಿಗೆ ನಿಲ್ಲಿಸಿ, ಬೇರೆ ಯಾವತ್ತಾದರೂ ಓದು. ಮಗುವನ್ನು ನೋಡಬೇಕು ಅಂತ ನೀನು ಕೇಳಿದ್ದೆ. ಬೇಡ ಅಂದವರಲ್ಲಿ ನಾನೂ ಒಬ್ಬಳು. ನೋಡಿದರೆ ಮರೆಯಲು ಆಗುವುದಿಲ್ಲ ಅಂದೆವು, ನೋಡದಿದ್ದರೆ ಮರೆಯುತ್ತೀ ಅನ್ನುವ ಹಾಗೆ. ಅವಳನ್ನು ತೊಳೆದು ಬಟ್ಟೆಯಲ್ಲಿ ಸುತ್ತಿದವಳು ನಾನು. ಬೇರೆಯವರಿಗೆ ಬಿಡಲಿಲ್ಲ. ತಲೆತುಂಬ ಕಪ್ಪು ಕೂದಲಿತ್ತು, ಕುತ್ತಿಗೆಯವರೆಗೂ. ಎಡಕಿವಿಯ ತುದಿ ಒಳಕ್ಕೆ ಮಡಚಿಕೊಂಡಿತ್ತು, ತಮ್ಮನಿಗಿರುವ ಹಾಗೆಯೇ. ಮೂಗು ನಿನ್ನದು. ಹುಬ್ಬು ಇನ್ನೂ ಮೂಡುತ್ತಿತ್ತು. ಬಾಯಿ ಮುಚ್ಚಿತ್ತು, ಸಿಟ್ಟು ಮಾಡಿಕೊಂಡವರ ಹಾಗಲ್ಲ, ಏನೋ ಯೋಚನೆ ಮಾಡುವವರ ಹಾಗೆ. ಕೊನೆಗೆ ಪಾದಗಳನ್ನು ಒರೆಸಿದೆ. ಅಂಗಾಲು ನನ್ನ ಹೆಬ್ಬೆರಳಿಗಿಂತ ತುಸು ಉದ್ದ. ಅದನ್ನು ನನ್ನ ಬಲ ಅಂಗೈಯ ನಡುವೆ ಇಟ್ಟುಕೊಂಡು ನಿಂತೆ. ಎಷ್ಟು ಹೊತ್ತು ನಿಂತೆನೋ, ಯಾರೋ ಬಂದು ಕರೆದರು.

ಈಗಲೂ ಮಧ್ಯಾಹ್ನ ಪಾತ್ರೆ ತೊಳೆಯುವಾಗ ಆ ಅಂಗೈಯಲ್ಲಿ ಒಂದು ಒದೆ ಬೀಳುತ್ತದೆ. ಸೋಪಿನ ನೀರಿನಲ್ಲಿ ಕೈ ಇಟ್ಟುಕೊಂಡೇ ನಿಲ್ಲುತ್ತೇನೆ, ಇನ್ನೊಂದು ಬರುತ್ತದೆಯೇ ಅಂತ. ಬರುವುದಿಲ್ಲ. ಪಾಠದ ಕೋಣೆಯಲ್ಲಿ ಯಾರ ಹೊಟ್ಟೆಯ ಮೇಲೆ ಕೈಯಿಟ್ಟರೂ ಮೊದಲು ಅದೇ ಬರುತ್ತದೆ, ಆಮೇಲೆ ಆ ಹೆಂಗಸಿನ ಮಗುವಿನದು. ನಾಲ್ಕು ಗಂಟೆಗೆ ಯಾರದಾದರೂ ಫೋನ್ ಬಡಿದುಕೊಂಡರೆ ನಾನು ಮಾತು ನಿಲ್ಲಿಸುತ್ತೇನೆ. "ತಗೊಳ್ಳಿ, ಮೊದಲು ಮಾತಾಡಿ," ಅನ್ನುತ್ತೇನೆ. ಮೇಡಂಗೆ ಎಷ್ಟು ತಾಳ್ಮೆ ಅಂತಾರೆ ಅವರು.

ಪಾಠ ಬದಲಾಗಿದೆ. ಗುಂಡಿ ಚೀಲಗಳನ್ನು ವಾಪಸು ತೆಗೆದುಕೊಂಡೆ. ಈಗ ಒಬ್ಬೊಬ್ಬರನ್ನೇ ಕೇಳುತ್ತೇನೆ, ನಿನ್ನ ಮಗು ಹೇಗೆ, ಯಾವಾಗ ಏಳುತ್ತೆ, ಯಾವಾಗ ಮಲಗುತ್ತೆ. ಮೊದಮೊದಲು ನಾಚುತ್ತಾರೆ, ಆಮೇಲೆ ಬಾಯಿ ಮುಚ್ಚಿಸಲು ಆಗುವುದಿಲ್ಲ. "ನಂದು ನಾನು ಮೈಮೇಲೆ ನೀರು ಹುಯ್ಕೊಂಡ ತಕ್ಷಣ ಎದ್ದು ಕೂರತ್ತೆ," ಅಂತಾಳೆ ಒಬ್ಬಳು. "ನಂದು ನಮ್ಮತ್ತೆ ಬಾಯಿ ತೆಗೆದ್ರೆ ಸಾಕು, ಒದೆಯೋಕೆ ಶುರು ಮಾಡತ್ತೆ. ನನ್ ಪರ," ಅಂತಾಳೆ ಇನ್ನೊಬ್ಬಳು. ಹಾಗೆ ಹೇಳಲು ಬರುವವಳಿಗೆ, ಹಾಗೆ ಇಲ್ಲದ ದಿನ ತಾನಾಗಿಯೇ ಗೊತ್ತಾಗುತ್ತದೆ. ಮೂರನೆಯ ಮಾತನ್ನು ಈಗ ಮೊದಲು ಹೇಳುತ್ತೇನೆ. ದೊಡ್ಡ ಸಿಸ್ಟರ್ ಮತ್ತೆ ಗೊಣಗುತ್ತಾರೆ. ಗೊಣಗಲಿ. ಹೋದ ತಿಂಗಳು ಸುಮ್ಮನೆ ಬಂದು ಹೋದವರ ನಡುವೆ ಒಬ್ಬಳು ಸುಮ್ಮನೆ ಬಂದವಳಾಗಿರಲಿಲ್ಲ. ಅರ್ಧ ಗಂಟೆಯಲ್ಲಿ ಆಪರೇಷನ್ ಮಾಡಿ ಮಗುವನ್ನು ತೆಗೆದರು. ಅದು ಅತ್ತಿತು. ಎಲ್ಲರೂ ನನ್ನ ಬೆನ್ನು ತಟ್ಟಿದರು. ನಾನು ಹೊರಗೆ ಹೋಗಿ ನೀರಿನ ತೊಟ್ಟಿಯ ಹತ್ತಿರ ನಿಂತೆ. ನನಗೆ ಸಂತೋಷವಾಗಲಿಲ್ಲ. ನೀನೊಬ್ಬಳಿಗೆ ಅರ್ಥವಾಗಬಹುದು ಅಂತ ಹೇಳುತ್ತಿದ್ದೇನೆ.

ನಿನ್ನೆ ಅಮ್ಮನಿಗೆ ಎಲ್ಲ ಹೇಳಿದೆ. ಬಟ್ಟೆ ಮಡಿಸುತ್ತಿದ್ದವಳು ಕೈಯಲ್ಲಿದ್ದುದನ್ನು ಹಾಗೆಯೇ ಹಿಡಿದುಕೊಂಡು ಕೂತಳು. "ಆ ಹುಡುಗಿಗೆ ಎರಡು ವರ್ಷ ಏನೇನು ಅಂದೆ ನಾನು," ಅಂದಳು. ಆಮೇಲೆ, "ನೀನು ಅಲ್ಲೇ ನಿಂತಿದ್ದೆ," ಅಂದಳು. ಅಷ್ಟೇ ಅಂದದ್ದು. ಇವತ್ತು ನನ್ನ ಜೊತೆ ಮಾತಾಡಿಲ್ಲ. ನಿನಗೆ ಅವಳೇ ಫೋನ್ ಮಾಡುತ್ತಾಳೆ ಅನ್ನಿಸುತ್ತದೆ, ಅವಳು ಅತ್ತರೆ ನೀನು ಸಮಾಧಾನ ಮಾಡಲು ಹೋಗಬೇಡ. ತಮ್ಮನಿಗೆ ಬೇರೆ ಕಾಗದ ಬರೆದಿದ್ದೇನೆ, ಇದರ ಜೊತೆಗೇ ಬರುತ್ತದೆ. ಇನ್ನು ಮೇಲೆ ಅವನು "ಸರಿಯಾಗಿ ಎಣಿಸು" ಅನ್ನುವುದಿಲ್ಲ.

ನಾನೂ ಎಣಿಸು ಅನ್ನುವುದಿಲ್ಲ. ಹೊಟ್ಟೆಯ ಮೇಲೆ ಕೈಯಿಡಲು ನಿನಗೆ ಯಾಕೆ ಹೆದರಿಕೆ ಅಂತ ನನಗೆ ಗೊತ್ತು. ಕೈಯಿಟ್ಟಾಗ ಏನೂ ಇರದಿದ್ದರೆ, ಅಂತ. ಕೈ ಇಡದಿದ್ದರೂ ಪರವಾಗಿಲ್ಲ, ಒಳಗಿನದು ನಿನಗೆ ಕೈಯಿಲ್ಲದೆಯೂ ತಿಳಿಯುತ್ತದೆ. ಪಾತ್ರೆ ಕುಕ್ಕುವಾಗಲೂ ತಿಳಿಯುತ್ತಿರುತ್ತದೆ. ಅದು ಹೇಗೆ, ಯಾವ ಹೊತ್ತಿಗೆ ಏನು ಮಾಡುತ್ತದೆ ಅಂತ ಪರಿಚಯ ಮಾಡಿಕೊ, ಅಷ್ಟು ಸಾಕು. ಇದು ಮೊದಲನೆಯವಳ ಹಾಗೆ ಇರುವುದಿಲ್ಲ. ಇದಕ್ಕೆ ಇದರದೇ ರೀತಿ. ಇದು ಮೆತ್ತಗಿನ ಮಗುವಾಗಿದ್ದರೆ ಅದನ್ನು ಅವಳ ಜೊತೆ ಹೋಲಿಸಿ ಹೆದರಬೇಡ.

ಒಂದು ದಿನ ಬೇರೆ ಥರ ಅನ್ನಿಸಿದರೆ ಎದ್ದು ಹೋಗು. ತಣ್ಣೀರು ಕುಡಿದು ಕಾಯಬೇಡ, ನಾಳೆ ನೋಡೋಣ ಅನ್ನಬೇಡ, ಒಲೆಯ ಮೇಲೆ ಏನಿದ್ದರೂ ಆರಿಸಿ ಹೋಗು. ಹೋಗಲೋ ಬೇಡವೋ ಅಂತ ಫೋನ್ ಮಾಡಿ ಯಾರನ್ನೂ ಕೇಳಬೇಡ, ನನ್ನನ್ನಂತೂ ಕೇಳಲೇಬೇಡ. ಅಲ್ಲಿ ಯಾರಾದರೂ ನಕ್ಕರೆ ನಗಲಿ. ಏನಮ್ಮಾ, ಮತ್ತೆ ಬಂದ್ಯಾ ಅಂದರೆ, ಹೌದು ಮತ್ತೆ ಬಂದೆ ಅನ್ನು. ಏನೂ ಇಲ್ಲ ಹೋಗು ಅಂದರೆ ಮನೆಗೆ ಬಂದು ನಿಂತುಕೊಂಡೇ ಊಟ ಮಾಡು. ಮಾರನೆಯ ದಿನ ಮತ್ತೆ ಅನ್ನಿಸಿದರೆ ಮತ್ತೆ ಹೋಗು.

ಈ ಕಾಗದಕ್ಕೆ ಉತ್ತರ ಬೇಡ. ಕ್ಷಮಿಸು ಅಂತ ಕೇಳುತ್ತಿಲ್ಲ, ಈ ತಿಂಗಳುಗಳಲ್ಲಿ ಆ ಭಾರವನ್ನೂ ನಿನ್ನ ಮೇಲೆ ಹೇರಲಾರೆ. ನನಗೆ ಹಾರೈಸಲು ಬರುವುದು ಒಂದೇ. ಆ ಊರಿನ ಆಸ್ಪತ್ರೆಯವರು ನಿನ್ನನ್ನು ಸುಮ್ಮಸುಮ್ಮನೆ ಬಂದಿದ್ದೀಯ ಅಂತ ನೂರು ಸಲ ಬೈದು ಕಳಿಸಲಿ, ನೂರು ಸಲವೂ ನೀನು ಬೈಸಿಕೊಂಡು ಮನೆಗೆ ಬಾ.

ನಿನ್ನ ಅತ್ತಿಗೆ